ತೊಟ್ಟಿಯ ಮುಂದೆಯೇ ಮಾತು ಮುಗಿಸಿ

ಪ್ರಶ್ನೆ: ಅಕ್ಟೋಬರಿನಲ್ಲಿ ಪೂರ್ವ ಚೀನಾದ ನಿಂಗ್ಬೋ, ಝೌಶಾನ್ ಕಡೆ ಹೊರಟಿದ್ದೇವೆ. ಅಲ್ಲಿನ ಮೀನಿನ ಹೋಟೆಲುಗಳಲ್ಲಿ ತೊಟ್ಟಿಯಲ್ಲಿರುವ ಜೀವಂತ ಮೀನು, ಏಡಿಗಳನ್ನು ತೋರಿಸಿ ಆರ್ಡರ್ ಮಾಡಬೇಕಂತೆ. ಭಾಷೆ ಬಾರದ ನಾವು ಬಿಲ್ಲಿನಲ್ಲಿ ಏಟು ತಿನ್ನದಿರಲು ಏನು ಮಾಡಬೇಕು?

ಉತ್ತರ: ಮೊದಲು ‘ಜಿನ್’ ಅನ್ನುವ ಅಳತೆಯನ್ನು ತಲೆಯಲ್ಲಿ ಇಟ್ಟುಕೊಳ್ಳಿ. ತೊಟ್ಟಿಯ ಮೇಲೆ ಅಂಟಿಸಿರುವ ಬೆಲೆ ಸಾಮಾನ್ಯವಾಗಿ ಒಂದು ಜಿನ್‌ಗೆ, ಅಂದರೆ 500 ಗ್ರಾಂಗೆ. ಕಿಲೋ ಬೆಲೆಯೆಂದು ಓದಿಕೊಂಡರೆ ಬಿಲ್ಲು ಎರಡರಷ್ಟಾಗುತ್ತದೆ. ಒಂದು ಜಿನ್‌ಗೆ ಹತ್ತು ಲ್ಯಾಂಗ್, ಒಂದು ಲ್ಯಾಂಗ್ ಅಂದರೆ 50 ಗ್ರಾಂ. ಜಿನ್‌ಗೆ 88 ಯುವಾನ್ ಇರುವ ಮೀನು ಒಂದು ಜಿನ್ ಎರಡು ಲ್ಯಾಂಗ್ ತೂಗಿದರೆ 105.6 ಯುವಾನ್ ಆಯಿತು. ಈ ಲೆಕ್ಕವನ್ನು ಅಲ್ಲೇ ಮೊಬೈಲಿನಲ್ಲಿ ಮಾಡಿ ಅವರಿಗೆ ತೋರಿಸಿ, ಅವರು ತಲೆಯಾಡಿಸಿದ ಮೇಲೆ ಮುಂದಿನ ಮಾತು.

ಎರಡನೆಯದು, ಬೆಲೆ ತೂಕಕ್ಕೋ, ಒಂದೊಂದಕ್ಕೋ, ಒಂದು ತಟ್ಟೆಗೋ? 2015ರ ಅಕ್ಟೋಬರಿನಲ್ಲಿ ಚಿಂಗ್‌ದಾವ್ ನಗರದ ಒಂದು ಹೋಟೆಲು ಸೀಗಡಿಗೆ 38 ಯುವಾನ್ ಎಂದು ಬರೆದು, ಬಿಲ್ಲಿನಲ್ಲಿ ಒಂದೊಂದು ಸೀಗಡಿಗೂ 38 ಹಾಕಿತ್ತು. ದೇಶವೆಲ್ಲ ಗದ್ದಲವಾಗಿ ಆ ಹೋಟೆಲಿಗೆ 90,000 ಯುವಾನ್ ದಂಡ ಬಿತ್ತು. ಅಬಲೋನಿ ಎಂಬ ಕಡಲ ಬಸವನಹುಳು, ಸಿಂಪಿ, ದೊಡ್ಡ ಸೀಗಡಿಗಳನ್ನು ಎಣಿಕೆಯ ಮೇಲೆ ಮಾರುವುದು ಈಗಲೂ ಉಂಟು, ಅದರಲ್ಲಿ ತಪ್ಪೇನಿಲ್ಲ. ಮುಂಚೆಯೇ ತಿಳಿದಿರಬೇಕು, ಅಷ್ಟೆ. ಬೆಲೆಯ ಜಾಗದಲ್ಲಿ ಅಂಕಿಯ ಬದಲು ‘ಶಿಜ್ಯಾ’ ಎಂದಿದ್ದರೆ ಆ ದಿನದ ಪೇಟೆ ದರ ಎಂದರ್ಥ. ಅದನ್ನು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ.

ಇನ್ನು ತೂಕ. ಬಲೆಯಲ್ಲಿ ಎತ್ತಿದ ಸೀಗಡಿಯನ್ನು ನೀರು ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ತಕ್ಕಡಿಗೆ ಇಡುತ್ತಿದ್ದರೆ ತಡೆಯಿರಿ. ತೂತಿನ ಬುಟ್ಟಿಯಲ್ಲಿ ಹಾಕಿ, ನೀರು ಹನಿಯುವುದು ನಿಲ್ಲುವವರೆಗೆ ಕಾದು, ಖಾಲಿ ಬುಟ್ಟಿಯ ತೂಕ ಕಳೆದು ನೋಡಬೇಕು. ಏಡಿಯ ಕಾಲು ಕಟ್ಟಿದ ದಾರವನ್ನೂ ಗಮನಿಸಿ. ತೆಳ್ಳನೆಯ ರಬ್ಬರ್ ಬ್ಯಾಂಡ್ ಆದರೆ ಚಿಂತೆಯಿಲ್ಲ. ಬೆರಳು ದಪ್ಪದ ಒದ್ದೆ ಹಗ್ಗವಾದರೆ ಅದೂ ಏಡಿಯ ಬೆಲೆಗೇ ಮಾರಾಟವಾಗುತ್ತದೆ. ಆರಿಸಿದ ಏಡಿ ಕಣ್ಣು ಮುಟ್ಟಿದರೆ ಒಳಗೆಳೆದುಕೊಳ್ಳಬೇಕು, ಕಾಲು ಜೋತುಬಿದ್ದಿರಬಾರದು. ನೀವು ಆರಿಸಿದ್ದೇ ಅಡುಗೆಮನೆಗೆ ಹೋಗಲಿ ಎಂದಿದ್ದರೆ ತಕ್ಕಡಿಯ ಮೇಲೆ ಇರುವಾಗಲೇ ಫೋಟೋ ತೆಗೆಯಿರಿ. ಅಲ್ಲಿಯವರೂ ತೆಗೆಯುತ್ತಾರೆ, ಯಾರೂ ಬೇಸರಿಸಿಕೊಳ್ಳುವುದಿಲ್ಲ.

ಪೇಟೆಯಲ್ಲಿ ಮೀನು ಕೊಂಡು ಪಕ್ಕದ ಹೋಟೆಲಿನಲ್ಲಿ ಬೇಯಿಸಿಕೊಳ್ಳುವ ಪದ್ಧತಿಯೂ ಇದೆ. ಆಗ ಬೇಯಿಸುವ ಕೂಲಿ ಬೇರೆ. ಅದು ಜಿನ್ ಲೆಕ್ಕವೋ ತಟ್ಟೆ ಲೆಕ್ಕವೋ ಎಂದು ಮೀನು ಕೈಗಿಡುವ ಮೊದಲೇ ಕೇಳಿ.

ಬಿಲ್ಲಿನ ತಕರಾರು ಬಗೆಹರಿಯದಿದ್ದರೆ 12315 ಗ್ರಾಹಕರ ದೂರಿನ ಸಂಖ್ಯೆ.

ಪ್ರಶ್ನೆ: ಯಾವುದನ್ನು ಹೇಗೆ ಬೇಯಿಸಲು ಹೇಳಬೇಕು?

ಉತ್ತರ: ಈ ಕರಾವಳಿಯ ಅಡುಗೆಯಲ್ಲಿ ಮಸಾಲೆ ಕಡಿಮೆ, ಮೀನಿನ ರುಚಿಯೇ ಮುಂದು. ತಾಜಾ ಮೀನಿಗೆ ‘ಚಿಂಗ್‌ಝೆಂಗ್’, ಅಂದರೆ ಬರೀ ಹಬೆ. ಒಂದು ಜಿನ್ ಮೀನಿಗೆ ಜೋರು ಹಬೆಯಲ್ಲಿ ಸುಮಾರು ಎಂಟು ನಿಮಿಷ ಸಾಕು. ಬೆಂದ ಮೀನಿನ ಕಣ್ಣು ಬಿಳಿ ಗೋಲಿಯಂತೆ ಹೊರಗೆ ಉಬ್ಬಿರುತ್ತದೆ, ಮಾಂಸ ಚಾಪ್‌ಸ್ಟಿಕ್ ತಾಗಿದರೆ ಮೂಳೆ ಬಿಟ್ಟು ಬರುತ್ತದೆ. ‘ತ್ಸೊಂಗ್‌ಯೌ’ ಅಂದರೆ ಬೆಂದದ್ದರ ಮೇಲೆ ಈರುಳ್ಳಿ ಹೂವಿನ ಎಳೆಗಳನ್ನು ಹರಡಿ ಕಾದ ಎಣ್ಣೆ ಸುರಿಯುವುದು. ಮಾಂಜಿ ಮೀನಿಗೂ ಏಡಿಗೂ ಹೇಳಿ ಮಾಡಿಸಿದ್ದು. ಸೀಗಡಿಗೆ ‘ಬಾಯ್‌ಝುವೊ’, ಕುದಿನೀರಿನಲ್ಲಿ ಅದ್ದಿ ತೆಗೆಯುವುದು. ‘ಜ್ಯಾವ್‌ಯೆನ್’ ಅಂದರೆ ಕರಿದು ಉಪ್ಪು ಮೆಣಸು ಹಾಕಿದ್ದು. ತೊಟ್ಟಿಯಲ್ಲಿ ಮಂಕಾಗಿರುವ ಸೀಗಡಿಯನ್ನು ಕರಿದರೆ ಗೊತ್ತಾಗುವುದಿಲ್ಲ. ನಾವಾದರೆ ತಾಜಾತನದ ಅನುಮಾನವಿರುವಲ್ಲಿ ಹಬೆಯದನ್ನೇ ಹೇಳುತ್ತೇವೆ. ಹಬೆ ಏನನ್ನೂ ಮುಚ್ಚಿಡುವುದಿಲ್ಲ.

ನಿಂಗ್ಬೋಗೆ ಹೋಗಿ ಉಪ್ಪಿನಲ್ಲಿಟ್ಟ ಸಾಸಿವೆ ಸೊಪ್ಪಿನ ಜೊತೆ ಕುದಿಸಿದ ಹಳದಿ ಕ್ರೋಕರ್ ಸಾರು ಕುಡಿಯದೆ ಬರಬೇಡಿ. ಹಾಲಿನಂಥ ಬಿಳಿ ಸಾರು, ಸೊಪ್ಪಿನ ಹುಳಿ, ಎರಡೂ ಸೇರಿದರೆ ಬೇರೇನೂ ಬೇಡ. ಕಡಲಲ್ಲಿ ಹಿಡಿದ ದೊಡ್ಡ ಹಳದಿ ಕ್ರೋಕರ್ ಅತಿಯಾದ ಬೇಟೆಯಿಂದ ಬಲು ಅಪರೂಪವಾಗಿದೆ, ಬೆಲೆಯೂ ವಿಪರೀತ. ತಟ್ಟೆಗೆ ಬರುವುದು ಹೆಚ್ಚಾಗಿ ಸಾಕಿದ್ದು. ಹೊಟ್ಟೆ ದಪ್ಪ, ಮಾಂಸ ತುಸು ಮೆತ್ತಗೆ. ಸಾಕಿದ ಮೀನನ್ನು ಕಡಲ ಮೀನಿನ ಬೆಲೆಗೆ ಕೊಳ್ಳಬೇಡಿ.

ಅಕ್ಟೋಬರ್ ಒಳ್ಳೆಯ ಕಾಲ. ಪೂರ್ವ ಚೀನಾ ಕಡಲಲ್ಲಿ ಮೇ 1ಕ್ಕೆ ಮೀನುಗಾರಿಕೆ ನಿಲ್ಲುತ್ತದೆ. ಬಲೆಯ ಬಗೆ ನೋಡಿಕೊಂಡು ಆಗಸ್ಟ್, ಸೆಪ್ಟೆಂಬರಿನಲ್ಲಿ ದೋಣಿಗಳು ಮತ್ತೆ ಇಳಿಯುತ್ತವೆ. ನೀವು ಹೋಗುವ ಹೊತ್ತಿಗೆ ಕಡಲೇಡಿ ಹೇರಳ. 1ರಿಂದ 7ರವರೆಗಿನ ರಾಷ್ಟ್ರೀಯ ರಜೆಯನ್ನು ಮಾತ್ರ ತಪ್ಪಿಸಿ. ಜನಜಂಗುಳಿಯಲ್ಲಿ ತಕ್ಕಡಿ ನೋಡಲೂ ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ಹಸಿ ಏಡಿಯನ್ನೇ ತಿನ್ನುತ್ತಾರಂತೆ. ತಿನ್ನಬಹುದೇ?

ಉತ್ತರ: ನಿಂಗ್ಬೋದ ‘ಚ್ಯಾಂಗ್‌ಶ್ಯೆ’ ಅಂದರೆ ಕೆಂಪು ಮೊಟ್ಟೆ ತುಂಬಿದ ಹೆಣ್ಣೇಡಿಯನ್ನು ಉಪ್ಪುನೀರಿನಲ್ಲಿ ಇಟ್ಟು, ಬೇಯಿಸದೆ ಕತ್ತರಿಸಿ ಬಡಿಸುವುದು. ಉಪ್ಪಾಗಲಿ ಮದ್ಯವಾಗಲಿ ರೋಗಾಣುವನ್ನೂ ಪರೋಪಜೀವಿಯನ್ನೂ ಪೂರ್ತಿ ಕೊಲ್ಲುವುದಿಲ್ಲ. ಪ್ರಯಾಣದ ನಡುವೆ ಬೇಡ ಎಂಬುದೇ ನಮ್ಮ ಖಚಿತ ಸಲಹೆ. ಬಸುರಿಯರು, ಮಕ್ಕಳು, ಯಕೃತ್ತಿನ ತೊಂದರೆ ಇರುವವರು ಮುಟ್ಟಲೇಬಾರದು. ಅರೆಬೆಂದ ಚಿಪ್ಪುಮೀನೂ ಹಾಗೆಯೇ. 1988ರಲ್ಲಿ ಶಾಂಘೈ ನಗರದಲ್ಲಿ ಸರಿಯಾಗಿ ಬೇಯಿಸದ ಚಿಪ್ಪುಮೀನಿನಿಂದ ಸುಮಾರು 3 ಲಕ್ಷ ಜನಕ್ಕೆ ಹೆಪಟೈಟಿಸ್ ಎ ಎಂಬ ಯಕೃತ್ತಿನ ಸೋಂಕು ತಗುಲಿತು. ಕುದಿನೀರು ಹುಯ್ದು, ಒಳಗೆ ರಕ್ತದ ಬಣ್ಣ ಇರುವಾಗಲೇ ಬಡಿಸಿದರೆ ಮತ್ತೆ ಬೇಯಿಸಿ ತರಲು ಹೇಳಿ. ಬೆಂದ ಮೇಲೂ ಬಾಯಿ ತೆರೆಯದ ಚಿಪ್ಪನ್ನು ಪಕ್ಕಕ್ಕಿಡಿ.

ಪ್ರಶ್ನೆ: ಮನೆಯವರಿಗೆ ಸೀಗಡಿ ಅಲರ್ಜಿ. ನಾನು ಹಂದಿ ತಿನ್ನುವುದಿಲ್ಲ.

ಉತ್ತರ: ಎರಡನ್ನೂ ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿರಲಿ. ಬರೀ ‘ಹಂದಿ ಮಾಂಸ ಬೇಡ’ ಎಂದರೆ ಸಾಲದು, ಹಂದಿ ಕೊಬ್ಬನ್ನೂ ಸೇರಿಸಿ. ಮೀನಿನ ಮೇಲೆ ಕೊಬ್ಬಿನ ಚೂರು ಇಟ್ಟು ಹಬೆಯಲ್ಲಿ ಬೇಯಿಸುವವರಿದ್ದಾರೆ. ಸೊಪ್ಪಿನ ಪಲ್ಯದಲ್ಲೂ ಒಣಸೀಗಡಿ, ಸಿಂಪಿಯ ಸಾಸ್ ಇರಬಹುದು. ಅಲರ್ಜಿ ತೀವ್ರವಾಗಿದ್ದರೆ ಈ ಹೋಟೆಲುಗಳೇ ಬೇಡ, ಒಂದೇ ಬಾಣಲೆಯಲ್ಲಿ ಎಲ್ಲವೂ ಬೇಯುತ್ತದೆ.

ಪ್ರಶ್ನೆ: ಹಣ ಕೊಡುವುದು ಹೇಗೆ? ಟಿಪ್ಸ್ ಎಷ್ಟು?

ಉತ್ತರ: ಟಿಪ್ಸ್ ಪದ್ಧತಿ ಇಲ್ಲ. ಅಲ್ಲಿ ಮೊಬೈಲಿನಲ್ಲಿ ಹಣ ಕೊಡುವ ಆ್ಯಪ್‌ಗಳಾದ ಅಲಿಪೇ ಅಥವಾ ವೀಚಾಟ್‌ಗೆ ವೀಸಾ, ಮಾಸ್ಟರ್‌ಕಾರ್ಡ್ ಅನ್ನು ಹೊರಡುವ ಮೊದಲೇ ಜೋಡಿಸಿ, ಪಾಸ್‌ಪೋರ್ಟ್ ಪರಿಶೀಲನೆ ಮುಗಿಸಿಕೊಳ್ಳಿ. 200 ಯುವಾನ್ ದಾಟಿದ ಪಾವತಿಗೆ ವಿದೇಶಿ ಕಾರ್ಡಿನ ಮೇಲೆ 3% ಶುಲ್ಕ ಬೀಳುತ್ತದೆ. ಪ್ಲಾಸ್ಟಿಕ್ ಸುತ್ತಿದ ತಟ್ಟೆ-ಬಟ್ಟಲಿನ ಸೆಟ್ಟಿಗೆ ತಲೆಗೆ ಒಂದೆರಡು ಯುವಾನ್ ಹಾಕುವುದೂ ಉಂಟು. ಬೇಡವಾದರೆ ಸುತ್ತು ಹರಿಯುವ ಮೊದಲು ಹೇಳಿ.