5,000 ಪೌಂಡು ಅಂದರೆ ನಿಜಕ್ಕೂ ಎಷ್ಟು?

ಪ್ರಶ್ನೆ: ಅಕ್ಕಾ, ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಬ್ಬರು ಮಕ್ಕಳು. ಬೇಸಿಗೆಗೆ ಅತ್ತೆ-ಮಾವ ಊರಿಂದ ಬರುತ್ತಾರೆ. ಹೊರಗಿನ ಊಟ ಅವರಿಗೆ ಒಗ್ಗುವುದಿಲ್ಲ. ಅದಕ್ಕೇ ಅಡುಗೆಮನೆ ಇರುವ ಒಂದು ಟ್ರೇಲರ್ ಕೊಂಡು ಲೇಕ್ ಟಾಹೋ, ಯೊಸೆಮಿಟಿ ಸುತ್ತೋಣ ಅಂತ. ನೋಡಿಟ್ಟಿರುವ ಟ್ರೇಲರ್ ಖಾಲಿ ಇದ್ದಾಗ 3,200 ಪೌಂಡು ತೂಕ (ಒಂದು ಪೌಂಡು ಅಂದರೆ ಅರ್ಧ ಕೆಜಿಗಿಂತ ತುಸು ಕಡಿಮೆ). ಎಳೆಯಲು ಹೋಂಡಾ ಪೈಲಟ್, ಕಿಯಾ ಟೆಲುರೈಡ್, ಟೊಯೊಟಾ ಗ್ರ್ಯಾಂಡ್ ಹೈಲ್ಯಾಂಡರ್, ಈ ಮೂರರಲ್ಲಿ ಒಂದು. ಮೂರೂ 5,000 ಪೌಂಡು ಎಳೆಯುತ್ತವಂತೆ. ನಮ್ಮವರು "ಎಲ್ಲಾ ಒಂದೇ, ಬಣ್ಣ ನೋಡಿ ತಗೋ" ಅಂತಾರೆ. ಓಡಿಸುವವಳು ನಾನು.
– ಎಸ್., ಫ್ರೀಮಾಂಟ್

ಓಡಿಸುವವರು ನೀವಾದರೆ ಬಣ್ಣ ಅವರು ಆರಿಸಲಿ, ಗಾಡಿ ನೀವು ಆರಿಸಿ.

ಎಲ್ಲಾ ಒಂದೇ ಅಲ್ಲ. ಪೈಲಟ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ ಮಾತ್ರ 5,000. ಮುಂದಿನ ಚಕ್ರದ್ದು 3,500. ಗ್ರ್ಯಾಂಡ್ ಹೈಲ್ಯಾಂಡರ್‌ನಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಮಾದರಿ ಮತ್ತು ಹೈಬ್ರಿಡ್ ಮ್ಯಾಕ್ಸ್ 5,000. ಮೈಲೇಜಿನ ಆಸೆಗೆ ಎಲ್ಲರೂ ಮುಗಿಬೀಳುವ ಸಾದಾ ಹೈಬ್ರಿಡ್ 3,500. ಪೆಟ್ರೋಲ್ ಟೆಲುರೈಡ್ 5,000, ಅದರ ಎಕ್ಸ್-ಪ್ರೊ 5,500. ನಾನು ಮೊದಲ ಗಾಡಿ ಕೊಳ್ಳುವಾಗ ಶೋರೂಮಿನ ಹುಡುಗ ಈ ವ್ಯತ್ಯಾಸ ಗೊತ್ತಿಲ್ಲದೆಯೇ "ಎಳೆಯುತ್ತೆ ಮೇಡಂ, ಎಳೆಯುತ್ತೆ" ಅಂದಿದ್ದ. ಪುಣ್ಯಕ್ಕೆ ಗಾಡಿಯ ಕೈಪಿಡಿ ತೆಗೆದು ನೋಡಿದೆ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ 5,000ದಲ್ಲಿ ಅಲ್ಲ, ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿರುವ ಚೀಟಿಯಲ್ಲಿ. ಬಾಗಿಲು ತೆಗೆಯಿರಿ, ಟೈರಿನ ಗಾಳಿ ಬರೆದಿರುವ ಚೀಟಿ ಕಾಣುತ್ತದೆ. ಜನ, ಸಾಮಾನು ಎರಡೂ ಸೇರಿ ಇಷ್ಟು ಪೌಂಡು ಮೀರಬಾರದು ಎಂದು ಅದರಲ್ಲಿರುತ್ತದೆ. ಒಂದೇ ಹೆಸರಿನ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದರೂ ಅಂಕಿ ಬೇರೆ ಇರಬಹುದು. ಗಾಜಿನ ಮಾಡು, ದೊಡ್ಡ ಚಕ್ರ, ಬಿಸಿಯಾಗುವ ಸೀಟು, ಇವೆಲ್ಲ ಸೇರಿದಷ್ಟೂ ಆ ಅಂಕಿ ಇಳಿಯುತ್ತದೆ. ಅಂದರೆ ಜಾಸ್ತಿ ದುಡ್ಡು ಕೊಟ್ಟ ಗಾಡಿಯೇ ಕಡಿಮೆ ಹೊರುತ್ತದೆ!

ಈಗ ಲೆಕ್ಕ. ಚೀಟಿಯಲ್ಲಿ 1,350 ಇದೆ ಅಂತಿಟ್ಟುಕೊಳ್ಳಿ. ನೀವು, ನಿಮ್ಮವರು 320. ಅತ್ತೆ-ಮಾವ 300. ಮಕ್ಕಳು 145. ಜನದ ತೂಕವೇ 765 ಆಯಿತು. ಟ್ರೇಲರ್ ಖಾಲಿ 3,200 ಇದ್ದದ್ದು ನೀರು, ಗ್ಯಾಸ್, ಬ್ಯಾಟರಿ, ಹಾಸಿಗೆ, ಅಕ್ಕಿ ಚೀಲ ಎಲ್ಲ ತುಂಬಿದ ಮೇಲೆ 4,000 ಮುಟ್ಟುತ್ತದೆ. 30 ಗ್ಯಾಲನ್ ನೀರೇ 250 ಪೌಂಡು. ಈ 4,000ದಲ್ಲಿ ಒಂದು ಪಾಲು ಕಾರಿನ ಬೆನ್ನ ಮೇಲೆಯೇ ಕೂರುತ್ತದೆ. ನೂರಕ್ಕೆ 10ರಿಂದ 15 ಇರಬೇಕು. 12 ಅಂದರೂ 480. ಮೊತ್ತ 1,245. ಭಾರವನ್ನು ಮುಂದಿನ ಚಕ್ರಕ್ಕೂ ಹಂಚುವ ಹಿಚ್ (ಕಾರಿಗೆ ಟ್ರೇಲರ್ ಕಟ್ಟುವ ಕೊಂಡಿ) ಹಾಕಿಸಿದರೆ ಆ ಕಬ್ಬಿಣದ್ದೇ 80-100. ಉಳಿದದ್ದು ಅತ್ತೆಯವರ ಕೈಚೀಲಕ್ಕೆ ಮಾತ್ರ ಸಾಕು. 5,000 ಪೌಂಡಿನ ಗಾಡಿ 4,000 ಪೌಂಡಿಗೇ ತುಂಬಿಹೋಯಿತು.

ಬೆನ್ನ ಮೇಲಿನ ಭಾರ ಅಂದೆನಲ್ಲ, ಅದು ನಮ್ಮ ಎತ್ತಿನಗಾಡಿಯ ಮೂಕಿ ಭಾರವೇ. ಮೂಡಿಗೆರೆಯ ಹತ್ತಿರ ನಮ್ಮಜ್ಜ ಭತ್ತದ ಮೂಟೆ ಹೇರಿಸುವಾಗ ಮೂಕಿ ಹಿಡಿದು ಎತ್ತಿ ಇಳಿಸಿ ನೋಡುತ್ತಿದ್ದರು. ಮುಂಭಾರ ಆದರೆ ಎತ್ತಿನ ಹೆಗಲು ಹುಣ್ಣು, ಹಿಂಭಾರ ಆದರೆ ನೊಗ ಮೇಲಕ್ಕೆದ್ದು ಎತ್ತಿನ ಕೊರಳಿಗೆ ಕುತ್ತು. ಇಷ್ಟು ಕಣ್ಣಾರೆ ಕಂಡು ಬೆಳೆದವಳು ನಾನು, ಆದರೂ ಅಮೆರಿಕದಲ್ಲಿ ಹಿಂಭಾರ ಮಾಡಿಕೊಂಡೆ.

ಲಾಸ್ ಏಂಜಲೀಸ್ ಕಡೆಯಿಂದ ಸ್ಯಾಕ್ರಮೆಂಟೊಗೆ ವಾಪಸು ಬರುತ್ತಿದ್ದೆವು. ತಂಗಿ ಮನೆಯಲ್ಲಿ ಕೊಟ್ಟ ಗ್ರೈಂಡರ್, ಎರಡು ಚೀಲ ಸೋನಾ ಮಸೂರಿ, ಉಪ್ಪಿನಕಾಯಿ ಡಬ್ಬಿಗಳು ಎಲ್ಲವನ್ನೂ ಟ್ರೇಲರಿನ ಹಿಂದಿನ ಗೂಡಿಗೆ ತುರುಕಿದ್ದೆ. ನೀರಿನ ಟ್ಯಾಂಕೂ ಹಿಂದೆಯೇ, ಭರ್ತಿ. ತೆಹೋನ್ ಪಾಸ್ ದಾಟಿ ಗ್ರೇಪ್‌ವೈನ್ ಇಳಿಜಾರು. ಗಂಟೆಗೆ 62 ಮೈಲಿಯಲ್ಲಿದ್ದೆ. (ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವವರಿಗೆ ಮಿತಿ 55. ತಪ್ಪು ನನ್ನದೇ.) ಪಕ್ಕದಲ್ಲಿ ದೊಡ್ಡ ಲಾರಿಯೊಂದು ಭರ್‍ರನೆ ಹಾದದ್ದೇ, ಹಿಂದಿನಿಂದ ಯಾರೋ ಬಾಲ ಹಿಡಿದು ಎಳೆದಾಡಿದ ಹಾಗಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ಸರಿಸಿ, ಟ್ರೇಲರಿನ ಬ್ರೇಕ್ ಮಾತ್ರ ಹಿಡಿಯುವ ಲಿವರನ್ನು ಕೈಯಿಂದ ಮೆಲ್ಲಗೆ ಒತ್ತಿದೆ. ಓಲಾಟ ನಿಂತಿತು. ಕಾರಿನ ಬ್ರೇಕ್ ತುಳಿದಿದ್ದರೆ ಇವತ್ತು ಈ ಅಂಕಣ ಬರೆಯುತ್ತಿರಲಿಲ್ಲ. ಇಳಿಜಾರು ಮುಗಿದ ಮೇಲೆ ಗಾಡಿ ಪಕ್ಕಕ್ಕೆ ಹಾಕಿ ಗ್ರೈಂಡರು ಅಕ್ಕಿಯನ್ನು ಮುಂದಕ್ಕೆ ಸಾಗಿಸಿ ನೀರು ಖಾಲಿ ಮಾಡಿದೆವು. ಅದೇ ಕಾರು, ಅದೇ ಟ್ರೇಲರು, ಮನೆವರೆಗೆ ಹಾವಿನಾಟ ಇಲ್ಲ.

ಹಾಗಾಗಿ ಧೈರ್ಯ ಎಷ್ಟು ಕುದುರೆಶಕ್ತಿ ಇದೆ ಅನ್ನುವುದರಿಂದ ಬರುವುದಿಲ್ಲ ಅಂತ ನನ್ನ ಲೆಕ್ಕ. ಆದರೂ ಟಾಹೋ ಹೆಸರು ಹೇಳಿದ್ದೀರಿ, ಎಂಜಿನ್ ಮಾತು ಬಿಡುವ ಹಾಗಿಲ್ಲ. 50ನೇ ಹೆದ್ದಾರಿಯಲ್ಲಿ ಹೋದರೆ ಎಕೊ ಸಮ್ಮಿಟ್ ಎಂಬ ಘಾಟಿಯ ನೆತ್ತಿ 7,382 ಅಡಿ. ಟರ್ಬೊ ಇಲ್ಲದ ಎಂಜಿನ್ನು ಸಾವಿರ ಅಡಿಗೆ ನೂರಕ್ಕೆ ಮೂರರಷ್ಟು ಶಕ್ತಿ ಬಿಡುತ್ತದೆ, ಗಾಳಿ ತೆಳುವಾಗುವುದರಿಂದ. ಪೈಲಟ್‌ನ 285 ಕುದುರೆ ಅಲ್ಲಿ 220ರ ಆಸುಪಾಸು. ಮೊದಲ ತಲೆಮಾರಿನ ಟೆಲುರೈಡ್‌ನ 3.8 ಲೀಟರ್ ಎಂಜಿನ್ನಿನದೂ ಅದೇ ಕಥೆ. ಗ್ರ್ಯಾಂಡ್ ಹೈಲ್ಯಾಂಡರ್‌ನ 2.4 ಲೀಟರ್ ಟರ್ಬೊ ಕಾಗದದ ಮೇಲೆ 265 ಕುದುರೆಯೇ ಆದರೂ ಏರಿನಲ್ಲಿ ಅಷ್ಟು ಸೋಲುವುದಿಲ್ಲ, ಕಡಿಮೆ ಸುತ್ತಿನಲ್ಲೇ ಎಳೆತ ಸಿಗುತ್ತದೆ, ಕಿರುಚಾಡುವುದಿಲ್ಲ. ಹಿಂದೆ ಮಾವನವರು ಕೂತಿರುವಾಗ ಎಂಜಿನ್ ಕಿರುಚದಿರುವುದೂ ಮುಖ್ಯ.

ನನ್ನ ತೀರ್ಪು: ಆರು ಜನ ಮತ್ತು ಆ ಟ್ರೇಲರ್ ಎರಡೂ ಬೇಕೆಂದರೆ ಮೂರರಲ್ಲಿ ಯಾವುದೂ ಬೇಡ. ಟಾಹೋಗೆ ಹೋಗಲು ಷೆವ್ರೊಲೆ ಟಾಹೋ ತಗೊಳ್ಳಿ, ಮಾದರಿ ನೋಡಿ 8,400 ಪೌಂಡಿನವರೆಗೆ ಎಳೆಯುತ್ತದೆ. ತಮಾಷೆಗಲ್ಲ. ಅಷ್ಟು ದೊಡ್ಡ ಗಾಡಿ ವರ್ಷವಿಡೀ ಶಾಲೆ, ದಿನಸಿಗೆ ಓಡಿಸಲಾರೆ ಅಂದರೆ ಟ್ರೇಲರನ್ನು ಚಿಕ್ಕದು ಮಾಡಿ. ಬಟ್ಟೆಯ ಗೋಡೆ ಎದ್ದು ನಿಲ್ಲುವ ಮಡಚು ಕ್ಯಾಂಪರ್ ತುಂಬಿದರೂ ಸುಮಾರು 2,500 ಪೌಂಡಿನೊಳಗೆ ಸಿಗುತ್ತದೆ, ಒಲೆಯೂ ಇರುತ್ತದೆ. ಆಗ ಗ್ರ್ಯಾಂಡ್ ಹೈಲ್ಯಾಂಡರ್‌ನ ಟರ್ಬೊ ಪೆಟ್ರೋಲ್. ಮೂರನೇ ಸಾಲಿನಲ್ಲಿ ದೊಡ್ಡವರೂ ಕಾಲು ಚಾಚಿ ಕೂರಬಹುದು. ಎಳೆಯುವಾಗ ಮೈಲೇಜು ಅರ್ಧಕ್ಕರ್ಧ ಬೀಳುತ್ತದೆ, ಅದನ್ನು ಯಜಮಾನರಿಗೆ ಮೊದಲೇ ಹೇಳಿಬಿಡಿ.

ಎರಡು ಮಾತು ಬಾಕಿ. 1,500 ಪೌಂಡು ಮತ್ತು ಮೇಲಿನ ಕ್ಯಾಂಪ್ ಟ್ರೇಲರಿಗೆ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಬ್ರೇಕ್ ಇರಲೇಬೇಕು. ಕರೆಂಟ್ ಬ್ರೇಕ್ ಆದರೆ ಕಾರಿನಲ್ಲಿ 7 ಪಿನ್ನಿನ ವೈರಿಂಗೂ ಬ್ರೇಕ್ ಕಂಟ್ರೋಲರೂ (ಟ್ರೇಲರಿನ ಬ್ರೇಕನ್ನು ಕಾರಿನೊಳಗಿಂದ ಹಿಡಿಸುವ ಸಾಧನ) ಬೇಕು. ಬರೀ ದೀಪಕ್ಕಾಗುವ 4 ಪಿನ್ ತೋರಿಸಿ ಆಯಿತು ಅಂದರೆ ಒಪ್ಪಬೇಡಿ. ಇನ್ನು ಯೊಸೆಮಿಟಿಗೆ 120ನೇ ಹೆದ್ದಾರಿಯಲ್ಲಿ ಹೋಗುವಾಗ ಫೋನಿನ ನಕ್ಷೆ ಹತ್ತಿರದ ದಾರಿ ಅಂತ ಓಲ್ಡ್ ಪ್ರೀಸ್ಟ್ ಗ್ರೇಡ್ ತೋರಿಸಬಹುದು. ಟ್ರೇಲರ್ ಕಟ್ಟಿಕೊಂಡು ಅತ್ತ ತಿರುಗಲೇಬೇಡಿ. ಗೋಡೆ ಹತ್ತಿದ ಹಾಗಿದೆ. ಸುತ್ತುಬಳಸಿನ ನ್ಯೂ ಪ್ರೀಸ್ಟ್ ಗ್ರೇಡೇ ನಿಮ್ಮದು.

ಪ್ರಶ್ನೆ: ಮೇಡಂ, ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ. ಮನೆಗೂ ಆಗಬೇಕು, ಹಿಂದೆ ಸಣ್ಣ ಟ್ರೇಲರ್ ಕಟ್ಟಿ ಗೊಬ್ಬರ, ಕಾಫಿ ಮೂಟೆ ಸಾಗಿಸಲೂ ಆಗಬೇಕು. ಸ್ಕಾರ್ಪಿಯೊ-ಎನ್ ಅಥವಾ ಎಕ್ಸ್‌ಯುವಿ700? ಇನ್ನೊಂದು, ನನ್ನ ಹೆಂಡತಿ ಊರೊಳಗೆ ಚೆನ್ನಾಗಿ ಓಡಿಸುತ್ತಾಳೆ, ಶಿರಾಡಿ ಘಾಟಿ ಅಂದರೆ ಮಾತ್ರ ಕೀ ನನ್ನ ಕೈಗಿಡುತ್ತಾಳೆ.
– ಒಬ್ಬ ಬೆಳೆಗಾರ

ತೋಟದ ಕೆಲಸ ಅಂದರೆ ಸ್ಕಾರ್ಪಿಯೊ-ಎನ್ ಡೀಸೆಲ್, ಅದರಲ್ಲೂ 4x4. ಕೆಳಗೆ ಚಾಸಿ (ಭಾರ ಹೊರುವ ಕಬ್ಬಿಣದ ಚೌಕಟ್ಟು) ಇರುವ ಗಾಡಿ. ಎಕ್ಸ್‌ಯುವಿ700 ಹೆದ್ದಾರಿಯಲ್ಲಿ ಹೆಚ್ಚು ಸುಖ, ಆದರೆ ಚಾಸಿ ಬೇರೆ, ಬಾಡಿ ಬೇರೆ ಅಂತಿಲ್ಲ. ಮಳೆಗಾಲದ ತೋಟದ ದಾರಿ ಅದರ ಜಾಗವಲ್ಲ.

ಟ್ರೇಲರ್ ವಿಚಾರದಲ್ಲಿ ಮಾತ್ರ ಉತ್ಸಾಹ ಸ್ವಲ್ಪ ತಡೆಯಿರಿ. ಎಷ್ಟು ಎಳೆಯಬಹುದು ಅನ್ನುವುದನ್ನು ಇಲ್ಲಿನ ಬ್ರೋಷರುಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಕಂಪನಿಯಿಂದ ಬರಹದಲ್ಲಿ ಕೇಳಿ. ಗಾಡಿ ಜೊತೆ ಬರುವ ಕೊಂಡಿ ಹೂತ ಗಾಡಿಯನ್ನು ಎಳೆಸಲು ಇರುವುದು, ದಿನಾ ಮೂಟೆ ಎಳೆಯಲು ಅಲ್ಲ. ಕಾನೂನಿನ ಕಣ್ಣಲ್ಲಿ ಟ್ರೇಲರ್ ಅಂದರೆ ಬೇರೆಯದೇ ವಾಹನ, ಅದಕ್ಕೆ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದನ್ನು ರಸ್ತೆಗಿಳಿಸಿ ಏನಾದರೂ ಆದರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. 50 ಕೆಜಿಯ 20 ಮೂಟೆ ಅಂದರೆ ಒಂದು ಟನ್. ಬ್ರೇಕಿಲ್ಲದ ಟ್ರೇಲರಿನಲ್ಲಿ ಆ ಟನ್ ಇಳಿಜಾರಲ್ಲಿ ನಿಮ್ಮ ಬೆನ್ನು ತಳ್ಳುತ್ತದೆ. ನಮ್ಮಪ್ಪನ ಜೀಪಿನ ಹಿಂದೆ ಅಂಥದೊಂದು ಇತ್ತು. ಗೇಟಿನ ಹೊರಗೆ ಅವರು ಅದನ್ನು ಒಯ್ದದ್ದು ನಾನು ನೋಡಿಲ್ಲ. ಟ್ರ್ಯಾಕ್ಟರ್ ಇದ್ದರೆ ಆ ಕೆಲಸ ಅದಕ್ಕೇ ಬಿಡಿ.

ನಿಮ್ಮ ಹೆಂಡತಿಗೆ ಹೊಸ ಗಾಡಿಯಿಂದ ಧೈರ್ಯ ಬರುವುದು ಸೀಟಿನ ಎತ್ತರದಷ್ಟೇ. ಬಾನೆಟ್ಟಿನ ಎರಡೂ ಮೂಲೆ ಕಾಣುವ ಹಾಗೆ ಸೀಟು ಏರಿಸಿಕೊಡಿ. ಹಳೇ ಲಾರಿ ಡ್ರೈವರುಗಳು ಹೇಳುವ "ಹತ್ತಿದ ಗೇರಿನಲ್ಲೇ ಇಳಿ" ಅನ್ನುವುದನ್ನು ಹೇಳಿಕೊಡಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕ್ ಕಾದು ಹಿಡಿಯುವುದಿಲ್ಲ, ಹೆದರಿಕೆಯ ಮೂಲ ಅದೇ. ಭಾನುವಾರ ಬೆಳಿಗ್ಗೆ ಆರಕ್ಕೆ, ಟ್ಯಾಂಕರುಗಳು ಕಡಿಮೆ ಇರುವಾಗ, ಗುಂಡ್ಯದವರೆಗೆ ಹೋಗಿ ಬನ್ನಿ. ನೀವು ಪಕ್ಕದಲ್ಲಿ ಕೂತು "ಬ್ರೇಕ್, ಬ್ರೇಕ್" ಅನ್ನಬಾರದು. ಬಾಯಿ ಸುಮ್ಮನಿರದಿದ್ದರೆ ಹಿಂದಿನ ಸೀಟಿಗೆ ಹೋಗಿ.

ಪ್ರಶ್ನೆ: ಟ್ರೇಲರ್ ಕಟ್ಟಿಕೊಂಡು ಮುಂದೆ ಹೋಗುತ್ತೇನೆ, ಹಿಂದಕ್ಕೆ ಬರಲು ಮಾತ್ರ ಆಗುತ್ತಿಲ್ಲ. ಕ್ಯಾಂಪ್‌ಗ್ರೌಂಡಿನಲ್ಲಿ ಎಲ್ಲರೂ ಕುರ್ಚಿ ಹಾಕಿಕೊಂಡು ನೋಡುತ್ತಾರೆ.
– ವಿ., ಆಸ್ಟಿನ್, ಟೆಕ್ಸಸ್

ನೋಡಲಿ ಬಿಡಿ, ಅವರಿಗೂ ಸಂಜೆ ಹೊತ್ತು ಹೋಗಬೇಕಲ್ಲ.

ಸ್ಟಿಯರಿಂಗ್‌ನ ಕೆಳಭಾಗ ಒಂದೇ ಕೈಯಲ್ಲಿ ಹಿಡಿಯಿರಿ, ಗಡಿಯಾರದ ಆರು ಗಂಟೆ ಇರುವ ಕಡೆ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕೆ? ಆ ಕೈ ಎಡಕ್ಕೆ ಸರಿಸಿ. ಬಲಕ್ಕೆ ಬೇಕೆ, ಬಲಕ್ಕೆ. ತಲೆ ಓಡಿಸಬೇಡಿ, ಓಡಿಸಿದರೆ ಉಲ್ಟಾ ಆಗುತ್ತದೆ. ಅಂಗೈಯಷ್ಟೇ ಸರಿಸಿ, ಆಮೆ ವೇಗದಲ್ಲಿ. ಸಾಧ್ಯವಾದರೆ ಜಾಗ ಡ್ರೈವರ್ ಪಕ್ಕಕ್ಕೆ ಬರುವ ಹಾಗೆ ಗಾಡಿ ತಿರುಗಿಸಿಕೊಂಡು ಬನ್ನಿ, ಕಿಟಕಿಯಿಂದ ತಲೆ ಹಾಕಿ ನೋಡಬಹುದು. ಹಿಂದೆ ನಿಂತು ಕೈ ತೋರಿಸುವವರ ಮುಖ ಕನ್ನಡಿಯಲ್ಲಿ ಕಾಣದಿದ್ದರೆ ಅಲ್ಲೇ ನಿಲ್ಲಿಸಿ. ಕಾರೂ ಟ್ರೇಲರೂ ಮಡಚಿದ ಮೊಣಕೈ ಹಾಗೆ ಕಂಡರೆ ಇನ್ನು ಹಿಂದೆ ಬರಬೇಡಿ, ಮುಂದೆ ಹೋಗಿ ನೆಟ್ಟಗೆ ಮಾಡಿಕೊಂಡು ಮತ್ತೆ ಶುರು ಮಾಡಿ. ನಾನು ಈಗಲೂ ಒಂದು ಜಾಗಕ್ಕೆ ಮೂರು ಸಲ ಹಿಂದೆ ಮುಂದೆ ಮಾಡುತ್ತೇನೆ, ಮಳೆ ಬಂದರೆ ಐದು.