ತೈಲವರ್ಣದ ನಿಸರ್ಗಚಿತ್ರದಲ್ಲಿ ಮನುಷ್ಯರು ಮಾತ್ರ ಅಂಟಿಸಿದಂತೆ ಕಾಣುವುದೇಕೆ?

ಗದ್ದೆ, ಮರ, ಮೋಡ ಎಲ್ಲವೂ ಸರಿಯಾಗಿ ಬರುತ್ತವೆ, ನಾಟಿ ಮಾಡುವ ಹೆಂಗಸರನ್ನು ಸೇರಿಸಿದೊಡನೆ ಚಿತ್ರ ಕೆಡುತ್ತದೆ ಎಂದು ಕೇಳಿದ್ದೀರಿ. ದೇಹರಚನೆಯ ಅಭ್ಯಾಸ ಸಾಲದು ಎಂಬುದು ನಿಮ್ಮ ಅನುಮಾನ. ನನಗೆ ಹಾಗೆ ಅನ್ನಿಸುವುದಿಲ್ಲ. ಹಿನ್ನೆಲೆಯನ್ನೆಲ್ಲ ಮುಗಿಸಿ ಕೊನೆಗೆ ಜನರನ್ನು ತಂದು ನಿಲ್ಲಿಸುತ್ತೀರಲ್ಲ, ತೊಂದರೆ ಇರುವುದು ಅಲ್ಲಿ. ಮೊದಲ ದಿನದ ತೆಳು ಕಂದು ಲೇಪದಲ್ಲೇ ಅವರು ಇರಬೇಕು.

ಮೊದಲು ದಿಗಂತರೇಖೆಯನ್ನು ಗಟ್ಟಿ ಮಾಡಿಕೊಳ್ಳಿ. ಅದು ನಿಮ್ಮ ಕಣ್ಣಿನ ಮಟ್ಟ. ನೀವು ಸಮತಟ್ಟಾದ ನೆಲದಲ್ಲಿ ನಿಂತು ನೋಡುತ್ತಿದ್ದರೆ, ಹೆಚ್ಚುಕಡಿಮೆ ನಿಮ್ಮಷ್ಟೇ ಎತ್ತರದವರು ಹತ್ತಿರವಿರಲಿ, ದೂರವಿರಲಿ, ಅವರ ಕಣ್ಣುಗಳು ಅದೇ ರೇಖೆಯ ಮೇಲೆ ಬೀಳುತ್ತವೆ. ಪಾದಗಳು ಮಾತ್ರ ಮೇಲೆ ಕೆಳಗೆ ಆಗುತ್ತವೆ. ಸ್ಟೂಲಿನ ಮೇಲೆ ಕುಳಿತಿದ್ದರೆ ರೇಖೆ ಎಲ್ಲರ ಎದೆ-ಭುಜದ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಎತ್ತರದ ಬದುವಿನಿಂದ ತಗ್ಗಿನ ಗದ್ದೆಯನ್ನು ನೋಡುವಾಗ ಎಲ್ಲರ ತಲೆಗಳೂ ರೇಖೆಗಿಂತ ಕೆಳಗೆ. ಇದೊಂದು ತಪ್ಪಿದರೆ ಎಷ್ಟು ಚೆನ್ನಾಗಿ ಬಿಡಿಸಿದ ಹೆಂಗಸೂ ಗಾಳಿಯಲ್ಲಿ ತೇಲುತ್ತಾಳೆ.

ಎರಡನೆಯದು ಬೆಳಕು-ನೆರಳು. ಬಿಳಿ ಅಂಗಿ ಎಂದ ಮಾತ್ರಕ್ಕೆ ಟೈಟಾನಿಯಂ ವೈಟನ್ನು ನೇರವಾಗಿ ಬಳಿಯಬೇಡಿ. ಬಿಸಿಲಿಗೆ ಬೆನ್ನು ಕೊಟ್ಟು ಬಗ್ಗಿದವರ ಅಂಗಿಯ ನೆರಳಿನ ಭಾಗ ತಿಳಿನೀಲಿ ಬೂದು. ಎಷ್ಟೋ ಸಲ ಪಕ್ಕದ ಬಿಸಿಲು ಹುಲ್ಲಿಗಿಂತಲೂ ಮಬ್ಬು. ಕಣ್ಣು ಕಿರಿದು ಮಾಡಿ ನೋಡಿದರೆ ಗೊತ್ತಾಗುತ್ತದೆ. ಸೀರೆಯ ಕೆಳಭಾಗಕ್ಕೆ ಗದ್ದೆಯ ಹಸಿರನ್ನೇ ಸ್ವಲ್ಪ ಎಳೆದುಕೊಳ್ಳಿ. ಮೊಣಕಾಲಿನ ಕೆಳಗೆ, ಕಾಲು ನೀರಿಗೆ ಇಳಿಯುವ ಜಾಗದಲ್ಲಿ, ಬಣ್ಣ ಹಸಿಯಿರುವಾಗಲೇ ಒಣ ಬ್ರಷ್ಷಿನಿಂದ ಅಂಚನ್ನು ಅಳಿಸಿ, ಪ್ರತಿಬಿಂಬವನ್ನು ನೇರ ಕೆಳಕ್ಕೆ ಎಳೆಯಿರಿ. ಆಗ ಆಕೆ ಗದ್ದೆಯಲ್ಲೇ ನಿಂತಂತಾಗುತ್ತದೆ. ದೂರದವರಿಗೆ ಕಣ್ಣು, ಮೂಗು ಖಂಡಿತ ಬೇಡ.

ಇಂಗ್ಲೆಂಡಿನ ಹೆಸರಾಂತ ನಿಸರ್ಗಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821ರ 'ದಿ ಹೇ ವೇನ್' ಚಿತ್ರಕ್ಕೆ ಅಷ್ಟೇ ದೊಡ್ಡ ಅಳತೆಯ ಕರಡನ್ನು ಎಣ್ಣೆಬಣ್ಣದಲ್ಲೇ ಮಾಡಿಕೊಂಡಿದ್ದ. ಕರಡಿನಲ್ಲಿ ನೀರಿನಂಚಿಗೆ ಕುದುರೆ ಸವಾರನೊಬ್ಬನಿದ್ದಾನೆ. ಅಂತಿಮ ಚಿತ್ರದಲ್ಲಿ ಅವನಿಲ್ಲ. ಅಂಥವನೇ ತೆಗೆದುಹಾಕಿದ ಮೇಲೆ ನಮ್ಮದೇನು! ನೀವೂ ಅಂಗೈಯಗಲದ ಕರಡುಗಳಲ್ಲಿ ಜನರನ್ನು ಸರಿಸಾಡಿಸಿ, ಅಳಿಸಿ, ಆಮೇಲೆ ಕ್ಯಾನ್ವಾಸಿಗೆ ಬನ್ನಿ.

ಬಣ್ಣ ಬಿರುಕು ಬಿಡುವ ಬಗ್ಗೆಯೂ ಕೇಳಿದ್ದೀರಿ. ತೈಲವರ್ಣದಲ್ಲಿರುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಆರುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ. ಎಣ್ಣೆ ಹೆಚ್ಚಿದ್ದ ಪದರದ ಮೇಲೆ ಎಣ್ಣೆ ಕಡಿಮೆಯಿರುವ ಪದರ ಬಳಿದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಅಲುಗುತ್ತಲೇ ಇದ್ದು, ಸೀಳು ಬೀಳುತ್ತದೆ. ಆದ್ದರಿಂದ ತಳಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿಸಿದ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ಇರಲಿ, ಅದು ಬೇಗ ಆರುತ್ತದೆ. ಮೇಲೆ ಹೋದಂತೆ ಎಣ್ಣೆ ಹೆಚ್ಚಲಿ. ಕೆಲಸ ಮುಗಿದ ಮೇಲೆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುವುದುಂಟು. ನೀರಿನಲ್ಲಿ ಅದ್ದಿ ಹೊರಗೆ ಹರಡಿ.