ಗುಳಿಗೆಗಿಂತ ಮೊದಲು ನೋವಿನ ಮಾತು

ಮಗುವಿಗೆ ಐದು ತಿಂಗಳು. ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿಲ್ಲ. ಮಾಮೂಲಿ ಹೆರಿಗೆ, ಕೆಳಗೆ ಒಂದಷ್ಟು ಹೊಲಿಗೆ. ನನ್ನ ಬಳಿ ಸಲಹೆಗೆ ಬಂದ ಈ ತಾಯಿಯನ್ನು ಸುಮಾ ಅಂತ ಕರೆಯೋಣ. ಹೆಸರು, ಗುರುತು ಸಿಗುವ ವಿವರ ಎಲ್ಲ ಬದಲಿಸಿದ್ದೇನೆ.

"ಮೇಡಂ, ಅವರು ಹತ್ತಿರ ಬಂದರೆ ಸಾಕು, ಮೈಯೆಲ್ಲ ಬಿಗಿಯಾಗುತ್ತೆ. ಆಸೆನೇ ಸತ್ತುಹೋಗಿದೆ. ಇದರಲ್ಲಿ ಯಾವುದು ತಗೊಳ್ಳಲಿ?" ಅಂತ ಕೇಳಿದರು.

ಆನ್‌ಲೈನಿನಲ್ಲಿ ತರಿಸಿದ ಮೂರು ಡಬ್ಬಿ ಜೊತೆಗಿದ್ದವು. ಅಶ್ವಗಂಧದ ಗುಳಿಗೆ, ಹೆಂಗಸರ ಆಸೆ ಹೆಚ್ಚಿಸುತ್ತದೆ ಎಂಬ ಗಿಡಮೂಲಿಕೆ ಕ್ಯಾಪ್ಸೂಲ್, ಮತ್ತೆ ಪುದೀನ ಸುಗಂಧದ ಎಣ್ಣೆ. ಕ್ಯಾಪ್ಸೂಲಿನ ಡಬ್ಬಿ ತುಂಬ 'ನೂರಕ್ಕೆ ನೂರು ನೈಸರ್ಗಿಕ' ಅಂತ ದಪ್ಪಕ್ಷರ. ಹಾಲುಣಿಸುವವರು ವೈದ್ಯರನ್ನು ಕೇಳಿ ಬಳಸಿ ಅನ್ನೋದು ತಳದಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಚಿಕ್ಕದಾಗಿ.

ಡಬ್ಬಿಗಳನ್ನು ಪಕ್ಕಕ್ಕಿಟ್ಟು ಕೇಳಿದೆ, "ಸೇರುವಾಗ ನೋವಾಗುತ್ತಾ?"

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಉರಿ ಮೇಡಂ. ತರಚಿದ ಗಾಯದ ಮೇಲೆ ಉಜ್ಜಿದ ಹಾಗೆ" ಅಂದರು. ಹೆರಿಗೆಯಾದ ಎಲ್ಲರಿಗೂ ಹೀಗೇ ಇರುತ್ತೆ ಅಂದುಕೊಂಡು ವೈದ್ಯರಿಗೂ ಹೇಳಿರಲಿಲ್ಲ.

ನನಗೆ ಇಡೀ ಪ್ರಕರಣ ಇರೋದು ಇಲ್ಲೇ ಅನ್ನಿಸಿತು. ಹಾಲುಣಿಸುವಾಗ ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಜಾಸ್ತಿ ಇರುತ್ತದೆ, ಅದು ಅಂಡಾಶಯದ ಕೆಲಸವನ್ನು ತಗ್ಗಿಸುತ್ತದೆ. ಅಲ್ಲಿಂದ ಬರುವ ಹೆಣ್ಣು ಹಾರ್ಮೋನು ಈಸ್ಟ್ರೊಜೆನ್ ಕಡಿಮೆಯಾಗುತ್ತದೆ. ಆಗ ಯೋನಿಯ ಒಳಪದರ ತೆಳುವಾಗುತ್ತದೆ, ಒಣಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಒಮ್ಮೆ ನೋವಾದರೆ ಮುಂದಿನ ಸಲ ಮೈ ಮೊದಲೇ ಬಿಗಿಯುತ್ತದೆ, ಬಿಗಿದರೆ ಇನ್ನೂ ನೋವು. ಹೀಗಿರುವಾಗ ಆಸೆ ಎಲ್ಲಿಂದ ಬರಬೇಕು? ಇದರ ಮೇಲೆ ನಿದ್ದೆಗೆಟ್ಟ ರಾತ್ರಿಗಳು ಬೇರೆ.

ಡಬ್ಬಿಗಳ ಬಗ್ಗೆ ನಾನು ಹೇಳಿದ್ದು ಇಷ್ಟು. ಅಶ್ವಗಂಧ ಹಾಲುಣಿಸುವ ತಾಯಂದಿರಿಗೆ ಸುರಕ್ಷಿತ ಅನ್ನಲು ಸಾಕಷ್ಟು ಅಧ್ಯಯನ ನಡೆದಿಲ್ಲ. ಅದು ಥೈರಾಯ್ಡ್ ಹಾರ್ಮೋನನ್ನು ಏರುಪೇರು ಮಾಡಬಹುದು, ಅಪರೂಪಕ್ಕೆ ಯಕೃತ್ತಿಗೂ ಪೆಟ್ಟು ಕೊಟ್ಟಿದೆ. ಈಗ ಬೇಡ. ಕ್ಯಾಪ್ಸೂಲಿನಲ್ಲಿ ಚೇಸ್ಟ್‌ಬೆರಿ ಇತ್ತು. ಅದು ಪ್ರೊಲ್ಯಾಕ್ಟಿನ್ ಇಳಿಸಬಹುದಾದ ಗಿಡ, ಅಂದರೆ ಹಾಲಿಗೇ ಕುತ್ತು ಬರಬಹುದು. ಅದೂ ಬೇಡ. ಎಣ್ಣೆಯನ್ನಂತೂ ಯೋನಿಗೂ ಹಚ್ಚಬಾರದು, ಎದೆಗೂ ಹಚ್ಚಬಾರದು. ಪುದೀನ ಎಣ್ಣೆಯಲ್ಲಿರುವ ಮೆಂಥಾಲ್ ಹಸುಗೂಸಿನ ಮುಖದ ಹತ್ತಿರ ಸುಳಿಯಲೇಬಾರದು.

"ಹಾಗಾದರೆ ಮದ್ದಿಲ್ಲದ ಚಿಕಿತ್ಸೆ ಯಾವುದೂ ಇಲ್ವಾ?" ಅಂದರು. ಇದೆ, ಎದೆಹಾಲಿಗೆ ಏನೂ ಸೇರದ ಹಾಗೆ ಮಾಡುವಂಥದ್ದೇ ಇದೆ. ಆದರೆ ಮೊದಲು ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಹೊಲಿಗೆಯ ಗಾಯ ನೋಡಬೇಕು, ಸೋಂಕು ಇಲ್ಲ ಅಂತ ಖಚಿತವಾಗಬೇಕು. ಹೆರಿಗೆಯಾದ ಮೊದಲ ವರ್ಷದಲ್ಲಿ ಥೈರಾಯ್ಡ್ ಕೆಡೋದು ಅಪರೂಪವಲ್ಲ, ರಕ್ತಹೀನತೆಯೂ ಸುಸ್ತು ಮಾಡುತ್ತದೆ. ಹಾಗಾಗಿ ರಕ್ತಪರೀಕ್ಷೆಯ ಬಗ್ಗೆಯೂ ಕೇಳಿ ಅಂದೆ. ಹೆರಿಗೆಯ ನಂತರದ ಖಿನ್ನತೆ ಗುರುತಿಸುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆ. ಅದನ್ನು ನಾನೇ ಮಾಡಿಸಿದೆ. ಗಾಬರಿಪಡುವಂಥದ್ದು ಕಾಣಲಿಲ್ಲ.

ಮನೆಯಲ್ಲಿ ಮಾಡಲು ಹೇಳಿದ್ದು: ಸೇರುವಾಗ ನೀರು ಆಧಾರಿತ, ಪರಿಮಳವಿಲ್ಲದ ಲೂಬ್ರಿಕೆಂಟ್, ಅದೂ ಧಾರಾಳವಾಗಿ. ಎರಡು ಮೂರು ದಿನಕ್ಕೊಮ್ಮೆ ಯೋನಿಯ ತೇವಕ್ಕೆಂದೇ ಇರುವ ಮಾಯಿಶ್ಚರೈಸರ್. ಅದರಲ್ಲೂ ಉರಿ ನಿಲ್ಲದಿದ್ದರೆ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಇದೆ, ಅದನ್ನು ವೈದ್ಯರೇ ಬರೆದುಕೊಡಬೇಕು.

ಯಾರೋ ಹೇಳಿದರು ಅಂತ ಸುಮಾ ದಿನಾ ಕೆಳಭಾಗದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಮಾಡುತ್ತಿದ್ದರು. ಮೊದಲೇ ಬಿಗಿದಿರುವ ಸ್ನಾಯುವನ್ನು ಮತ್ತೆ ಬಿಗಿದರೆ ಏನು ಲಾಭ? ಅದನ್ನು ನಿಲ್ಲಿಸಿ ಪೆಲ್ವಿಕ್ ಫಿಸಿಯೋಥೆರಪಿಸ್ಟ್, ಅಂದರೆ ಈ ಕೆಳಭಾಗದ ಸ್ನಾಯುಗಳಿಗೆ ವ್ಯಾಯಾಮ ಚಿಕಿತ್ಸೆ ಕೊಡುವವರ ಬಳಿ ಹೋಗಲು ಹೇಳಿದೆ. ಅವರು ಹೊಟ್ಟೆ ಉಬ್ಬುವ ಹಾಗೆ ನಿಧಾನಕ್ಕೆ ಉಸಿರೆಳೆದು, ಕೆಳಭಾಗವನ್ನು ಸಡಿಲ ಬಿಡುವುದನ್ನು ಕಲಿಸಿದರು. ಮನಸ್ಸನ್ನು ಆ ಕ್ಷಣದಲ್ಲಿ ನಿಲ್ಲಿಸುವ ಧ್ಯಾನದ ಅಭ್ಯಾಸವನ್ನೂ ಜೊತೆಗೆ ಸೇರಿಸಿದೆವು. ಹೆಂಗಸರಲ್ಲಿ ಆಸೆ ಕಡಿಮೆಯಾದಾಗ ಇದು ನೆರವಾಗುತ್ತದೆ ಅಂತ ಅಧ್ಯಯನಗಳಿವೆ.

ಎರಡನೇ ಭೇಟಿಗೆ ಗಂಡನೂ ಬಂದರು. "ನನ್ನ ಮೇಲೆ ಬೇಜಾರು ಅಂದ್ಕೊಂಡಿದ್ದೆ" ಅಂದರು, ಪಾಪ. ಕೆಲವು ವಾರ ಸಂಭೋಗ ಬೇಡ, ಬರೀ ಸ್ಪರ್ಶ ಅಂದೆ. ಮೊದಮೊದಲು ಎದೆ, ಜನನಾಂಗ ಮುಟ್ಟುವಂತಿಲ್ಲ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ 1970ರ ಸುಮಾರಿಗೆ ಬಳಕೆಗೆ ತಂದ ಕ್ರಮ ಇದು, ಇಂದಿಗೂ ನಡೆಯುತ್ತಿದೆ. ಇಡೀ ದಿನ ಮಗು ಮೈಗಂಟಿಕೊಂಡಿರುವಾಗ ಸಂಜೆ ಹೊತ್ತಿಗೆ ಯಾರೂ ಮುಟ್ಟದಿದ್ದರೆ ಸಾಕು ಅನ್ನಿಸುತ್ತದೆ, ಅದನ್ನು ಬಾಯಿಬಿಟ್ಟು ಹೇಳಿ ಅಂತ ಸುಮಾಗೆ ಹೇಳಿದೆ. ಸುಖದ ಹೊತ್ತಿನಲ್ಲಿ ಹಾಲು ಸೋರಿದರೂ ಹೆದರಬೇಡಿ, ಎರಡೂ ಹೊತ್ತಿನಲ್ಲಿ ಬಿಡುಗಡೆಯಾಗುವುದು ಆಕ್ಸಿಟೋಸಿನ್ ಎಂಬ ಒಂದೇ ಹಾರ್ಮೋನು. ಮೊದಲೇ ಹಾಲುಣಿಸಿದ್ದರೆ ಸೋರುವುದು ಕಡಿಮೆ.

ಆರೇಳು ವಾರದಲ್ಲಿ ಉರಿ ಬಹಳ ಇಳಿಯಿತು. ಆಸೆ ಮೊದಲಿನಷ್ಟು ಬಂದಿಲ್ಲ, ಅದಕ್ಕೆ ಅವಸರವೂ ಇಲ್ಲ ಅಂದರು ಸುಮಾ. ಅಷ್ಟರಲ್ಲಿ ಮಗುವಿಗೆ ಆರು ತಿಂಗಳು ದಾಟಿತ್ತು. ಮುಟ್ಟು ಬಂದಿಲ್ಲ, ಹಾಗಾಗಿ ಗರ್ಭ ನಿಲ್ಲಲ್ಲ ಅನ್ನುವ ನಂಬಿಕೆ ಇಬ್ಬರದೂ. ಆ ರಕ್ಷಣೆ ಇರೋದು ಮೊದಲ ಆರು ತಿಂಗಳು, ಅದೂ ಬರೀ ಎದೆಹಾಲು ಕೊಡುತ್ತಾ, ಮುಟ್ಟು ಶುರುವಾಗದಿದ್ದಾಗ ಮಾತ್ರ. ಸದ್ಯಕ್ಕೆ ಕಾಂಡೋಮ್ ಬಳಸುತ್ತೇವೆ ಅಂದರು. ಹಾಗಿದ್ದರೆ ಎಣ್ಣೆ ಯಾವುದನ್ನೂ ಹಚ್ಚಬೇಡಿ, ಕಾಂಡೋಮಿನ ಲೇಟೆಕ್ಸ್ ರಬ್ಬರ್ ಹರಿದುಹೋಗಬಹುದು ಅಂತ ಹೇಳಿ, ಮುಂದಿನ ಏರ್ಪಾಡಿಗೆ ಮತ್ತೆ ವೈದ್ಯರ ಬಳಿಗೇ ಕಳಿಸಿದೆ.